ಕದಲದ ಹಾಸು, ಓಡುವ ಲಾಳಿ

ಲಿನಕ್ಸನ್ನು ಹೊಸದಾಗಿ ಕಲಿಯುವವರ ಕೈಗೆ ಎಂಥ ವ್ಯವಸ್ಥೆಯನ್ನು ಕೊಡಬೇಕೆಂಬ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಹೊಸ ಉತ್ತರವೊಂದು ದೊರೆತಿದೆ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲೋಕಕ್ಕೆ ನೀಡಿದ ಈ ತಿರುಳಿನ ಹಿರಿಮೆಯೆಂದರೆ, ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ತಿದ್ದುವ ಸ್ವಾತಂತ್ರ್ಯದೊಡನೆ ಕೆಡಿಸುವ ಸ್ವಾತಂತ್ರ್ಯವೂ ಬರುತ್ತದಲ್ಲವೆ? ಎಲ್ಲಿಯೋ ಕಂಡ ಆಜ್ಞೆಯನ್ನು ಅರ್ಥವರಿಯದೆ ಬರೆದು, ಮರುದಿನ ಯಂತ್ರವೇ ಏಳದಂತಾದ ವಿದ್ಯಾರ್ಥಿಯು ಲಿನಕ್ಸಿನ ಗೊಡವೆಯೇ ಬೇಡವೆನ್ನುವುದು ಸಹಜ.

ಫೆಡೋರಾ ಸಿಲ್ವರ್‌ಬ್ಲೂ, ವೆನಿಲ್ಲಾ ಓಎಸ್, ಬ್ಲೂಫಿನ್ ಮೊದಲಾದ 'ಅವಿಕಾರಿ' ವ್ಯವಸ್ಥೆಗಳು ಈ ಭಯಕ್ಕೆ ಪರಿಹಾರವನ್ನು ಸೂಚಿಸುತ್ತವೆ. ಅವುಗಳ ಮರ್ಮವನ್ನು ಶಿಗ್ಲಿಯಂಥ ನೇಕಾರರ ಊರಿನಲ್ಲಿ ವಿವರಿಸುವುದು ಕಷ್ಟವಲ್ಲ. ಹಾಸು ಒಮ್ಮೆ ಮಗ್ಗವೇರಿದ ಬಳಿಕ ನೇಕಾರನು ಅದರ ಎಳೆಗಳನ್ನು ಕೆದಕುವುದಿಲ್ಲ. ಲಾಳಿಯೋಡಿಸಿ ಹೊಕ್ಕಿನಲ್ಲಿಯೇ ಬಣ್ಣವನ್ನು ತುಂಬುತ್ತಾನೆ. ಇಲ್ಲಿಯೂ ವ್ಯವಸ್ಥೆಯ ಮೂಲಭಾಗವು ಓದಲು ಮಾತ್ರ ತೆರೆದಿದ್ದು, ಬಳಕೆಯ ತಂತ್ರಾಂಶಗಳು ಫ್ಲಾಟ್‌ಪ್ಯಾಕ್ ರೂಪದಲ್ಲಿ ಪ್ರತ್ಯೇಕವಾಗಿ ಬಂದು ಸೇರುತ್ತವೆ. ಸಿಲ್ವರ್‌ಬ್ಲೂದಲ್ಲಿ ಹೊಸ ಆವೃತ್ತಿಯು ಹಳೆಯದರ ಪಕ್ಕದಲ್ಲಿ ಇಡಿಯಾಗಿ ಸಿದ್ಧವಾಗಿ, ಯಂತ್ರವನ್ನು ಮತ್ತೆ ಆರಂಭಿಸಿದಾಗ ಜಾರಿಗೆ ಬರುತ್ತದೆ. ಅದು ಸರಿಬರದಿದ್ದರೆ ಆರಂಭದ ಪಟ್ಟಿಯಿಂದ ಹಿಂದಿನದನ್ನೇ ಆರಿಸಿಕೊಳ್ಳಬಹುದು. ನಡುವೆ ವಿದ್ಯುತ್ತು ಹೋದರೂ ಅರ್ಧಂಬರ್ಧ ಬದಲಾದ ವ್ಯವಸ್ಥೆಯ ಪಾಡು ಒದಗುವುದಿಲ್ಲ.

ಹಾಗೆಂದು ದೋಷಗಳೇ ಇಲ್ಲವೆನ್ನಲಾಗದು. ಸಾಮಾನ್ಯ ಲಿನಕ್ಸಿಗಾಗಿ ಬರೆದ ಸಲಹೆಗಳಲ್ಲಿ ಹಲವು ಇಲ್ಲಿ ನಡೆಯವು. ಮುದ್ರಣಯಂತ್ರದ ಚಾಲಕವೊಂದು ಮೂಲದಲ್ಲಿ ಇರದಿದ್ದರೆ ಅದನ್ನು ಮೇಲ್ಪದರವಾಗಿ ಸೇರಿಸಿ ಯಂತ್ರವನ್ನು ಮತ್ತೆ ಆರಂಭಿಸಬೇಕಾಗುತ್ತದೆ. ಫ್ಲಾಟ್‌ಪ್ಯಾಕುಗಳು ಸ್ಥಳವನ್ನೂ ಹೆಚ್ಚು ಬೇಡುತ್ತವೆ. ಮೊಬೈಲಿನ ದಿನದ ಡೇಟಾವನ್ನೇ ನಂಬಿದ ಮನೆಗೆ ಇದು ಸಣ್ಣ ಮಾತಲ್ಲ. ಇನ್ನೊಂದು ಎಚ್ಚರಿಕೆಯೂ ಅವಶ್ಯ. ಹಿಂದಿನ ವ್ಯವಸ್ಥೆಗೆ ಮರಳಿದ ಮಾತ್ರಕ್ಕೆ ಅಳಿಸಿಹೋದ ನಮ್ಮ ಬರಹ ಮರಳಿ ಬಾರದು. ಅದರ ಪ್ರತಿಯನ್ನು ಬೇರೆಡೆ ನಾವೇ ಕಾಪಾಡಿಕೊಳ್ಳಬೇಕು.

ಕೆಡಿಸದೆ ಕಲಿತವರುಂಟೆ ಎಂದು ಹಿರಿಯ ಬಳಕೆದಾರರು ಆಕ್ಷೇಪಿಸುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಕೆಟ್ಟುದನ್ನು ಸರಿಪಡಿಸಿಕೊಡುವ ಗೆಳೆಯರು ಬಳಿಯಿರುವ ನಗರದ ವಿದ್ಯಾರ್ಥಿಗೆ ಒಪ್ಪುವ ನೀತಿಯು, ಅಕ್ಕ, ತಮ್ಮ, ತಂದೆ ಎಲ್ಲರಿಗೂ ಸೇರಿ ಒಂದೇ ಯಂತ್ರವಿರುವ ಹಳ್ಳಿಯ ಮನೆಗೆ ಒಪ್ಪಲಾರದು. ಅಲ್ಲಿ ಒಂದು ತಪ್ಪು ಆಜ್ಞೆಯೆಂದರೆ ಮೂವರ ಕೆಲಸ ನಿಂತಂತೆ. ಮೇಲಾಗಿ ಪ್ರಯೋಗದ ದಾರಿ ಇಲ್ಲಿ ಮುಚ್ಚಿಲ್ಲ. ಟೂಲ್‌ಬಾಕ್ಸ್, ಡಿಸ್ಟ್ರೋಬಾಕ್ಸ್ ಎಂಬ ಸಾಧನಗಳಿಂದ ವ್ಯವಸ್ಥೆಯೊಳಗೆ ಇನ್ನೊಂದು ಲಿನಕ್ಸನ್ನು ಹೂಡಿ, ಅದರಲ್ಲಿ ತಂತ್ರಾಂಶಗಳನ್ನು ಹಾಕಿ ತೆಗೆದು, ಕೆಟ್ಟರೆ ಅಳಿಸಿ ಮತ್ತೆ ಕಟ್ಟಬಹುದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಸಾಕಷ್ಟು ಸ್ಥಳವುಳ್ಳ ಯಂತ್ರವೂ ಒಳ್ಳೆಯ ಸಂಪರ್ಕವೂ ಇದ್ದಲ್ಲಿ ಹೊಸಬರು ಅವಿಕಾರಿಯಿಂದಲೇ ಆರಂಭಿಸಲಿ, ಹಳೆಯ, ಸಣ್ಣ ಯಂತ್ರಕ್ಕೆ ಸಾಮಾನ್ಯ ಲಿನಕ್ಸೇ ಲೇಸು. ಕಲಿಯುವವನಿಗೆ ಮೊದಲು ಬೇಕಾದುದು ನಿರ್ಭಯ. ಕುತೂಹಲವು ಅದರ ಹಿಂದೆ ತಾನಾಗಿ ಬರುತ್ತದೆ.