ಕಿಕ್‌ಬಾಕ್ಸಿಂಗ್ ಪಂದ್ಯದ ಫಾರಂಗೆ ಸಹಿ ಹಾಕುವ ಮುನ್ನ



ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳ ಮಕ್ಕಳೂ ಈಗ ಕರಾಟೆ, ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಕಲಿಯುತ್ತಾರೆ. ಕಲಿಯಲಿ, ಹೃದಯಕ್ಕೆ ಒಳ್ಳೆಯದು. ಹೃದ್ರೋಗ ವೈದ್ಯನಾಗಿ ನನಗೆ ಚಿಂತೆ ಇರುವುದು ಪಂದ್ಯದ ದಿನದ ಬಗ್ಗೆ.

2022ರ ಜುಲೈನಲ್ಲಿ ಬೆಂಗಳೂರಿನ ಪಂದ್ಯವೊಂದರಲ್ಲಿ ಮೈಸೂರಿನ ಯುವಕ ಏಟು ತಿಂದು ಕುಸಿದು, ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ತುರ್ತು ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದರು. ಪೊಲೀಸರು ಆಯೋಜಕರ ಮೇಲೆ ನಿರ್ಲಕ್ಷ್ಯದ ಕೇಸು ಹಾಕಿದರು. ಮರುತಿಂಗಳೇ ನಮ್ಮ ಚೆನ್ನೈಯಲ್ಲಿ, ರಾಷ್ಟ್ರೀಯ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಅರುಣಾಚಲದ ಯುವಕನೊಬ್ಬ ಪ್ರಾಣ ಬಿಟ್ಟ.

ತಮಿಳುನಾಡಿನಲ್ಲಿ ಜಲ್ಲಿಕಟ್ಟು ನಡೆಸಲು 2017ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ಹೋರಿಗೂ ವೈದ್ಯರ ತಪಾಸಣೆ ಇದೆ. ಅಮೆರಿಕದ ನೆವಾಡಾದಲ್ಲಿ ಬಾಕ್ಸಿಂಗ್ ಆಯೋಜಕರಿಗೆ ಸರ್ಕಾರಿ ಆಯೋಗದ ಲೈಸೆನ್ಸ್ ಬೇಕು. ರಿಂಗ್ ಪಕ್ಕ ವೈದ್ಯರೂ ಹತ್ತಿರದಲ್ಲೇ ಆಂಬುಲೆನ್ಸೂ ಇರಲೇಬೇಕು. ನಮ್ಮಲ್ಲಿ ಅಂಥ ಆಯೋಗವಿಲ್ಲ. ಕೇಸು ದಾಖಲಾಗುವುದು ಅನಾಹುತವಾದ ಮೇಲೆ. ಹಾಗಾಗಿ ಮೊದಲೇ ಕೇಳುವ ಕೆಲಸ ಅಪ್ಪ ಅಮ್ಮನದು.

*ಆಯೋಜಕರನ್ನು ಕೇಳಿ:*

1. ರಿಂಗ್ ಪಕ್ಕ ವೈದ್ಯರು ಇರುತ್ತಾರೆಯೇ? ಪಂದ್ಯ ನಿಲ್ಲಿಸುವ ಅಧಿಕಾರ ಅವರಿಗಿದೆಯೇ?

2. ಆಂಬುಲೆನ್ಸ್ ಅಲ್ಲೇ ನಿಂತಿರುತ್ತದೆಯೇ? 108ಕ್ಕೆ ಫೋನ್ ಮಾಡಿ ಕಾಯುವುದು ವ್ಯವಸ್ಥೆಯಲ್ಲ.

3. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇದೆಯೇ? ಎದೆಗೆ ಬಿದ್ದ ಒಂದೇ ಗುದ್ದು, ಹೃದಯ ಬಡಿತದ ಸೂಕ್ಷ್ಮ ಕ್ಷಣಕ್ಕೆ ಸರಿಯಾಗಿ ಬಿದ್ದರೆ, ಆರೋಗ್ಯವಂತ ಹುಡುಗನ ಹೃದಯವೂ ಲಯ ತಪ್ಪಿ ನಿಲ್ಲಬಹುದು. ಆಗ ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಯಂತ್ರ ಬರುವವರೆಗೆ ಎದೆ ಒತ್ತುತ್ತಲೇ ಇರಬೇಕು.

*ಮನೆಯಲ್ಲಿ ನೋಡಿ:*

1. ಓಡುವಾಗ ಮಗುವಿಗೆ ತಲೆಸುತ್ತು, ಎದೆನೋವು ಬಂದಿದೆಯೇ? ವಂಶದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ಸತ್ತವರಿದ್ದಾರೆಯೇ? ಹಾಗಿದ್ದರೆ ವೈದ್ಯರಿಗೆ ತೋರಿಸಿ, ಇಸಿಜಿ ಮಾಡಿಸದೆ ಪಂದ್ಯಕ್ಕೆ ಕಳಿಸಬೇಡಿ.

2. ತೂಕ ಇಳಿಸಲು ನೀರು ಬಿಡಲು ಕೋಚ್ ಹೇಳಿದರೆ ಒಪ್ಪಬೇಡಿ. ಚೆನ್ನೈ ಸೆಕೆಯಲ್ಲಿ ನೀರು, ಲವಣ ಕಡಿಮೆಯಾದರೆ ಹೃದಯದ ಲಯವೇ ಕೆಡಬಹುದು.

3. ಪಂದ್ಯದ ನಂತರ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ "ಮಲಗಿದರೆ ಸರಿಹೋಗುತ್ತದೆ" ಎನ್ನಬೇಡಿ. ತಕ್ಷಣ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ ಸಮಾಧಾನ ತರದಿದ್ದರೆ ಸಹಿ ಹಾಕಬೇಡಿ. ಮಗ ಎರಡು ದಿನ ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ. ಮುಂದಿನ ಪಂದ್ಯ ಇದ್ದೇ ಇರುತ್ತದೆ.

ಮಕ್ಕಳನ್ನು ಇಂಥ ಕ್ಲಾಸಿಗೆ ಸೇರಿಸಿರುವ ನಿಮ್ಮ ಪರಿಚಯದವರಿಗೂ ಇದನ್ನು ಕಳಿಸಿ.