ಗಾಲ್ಫ್: ಹೊಡೆಯೋಕೆ ಮೊದಲು ಕೈ ಎಲ್ಲಿರಬೇಕು? ಹಾಕಿ ಆಡಿದವರು ಎಡವೋದು ಇಲ್ಲೇ

ವಿರಾಜಪೇಟೆ: ಕೊಡಗಿನಲ್ಲಿ ಹಾಕಿ ಸ್ಟಿಕ್ ಹಿಡಿಯದೆ ಬೆಳೆದವರು ಕಡಿಮೆ. ಅದೇ ಧೈರ್ಯದಲ್ಲಿ ಬಿಟ್ಟಂಗಾಲದ ಗಾಲ್ಫ್ ಮೈದಾನಕ್ಕೋ ಮಡಿಕೇರಿಯ ಮೈದಾನಕ್ಕೋ ಮೊದಲ ಸಲ ಹೋದವರು ‘ಇದೇನು ಮಹಾ, ಸುಮ್ಮನೆ ನಿಂತಿರೋ ಚೆಂಡಿಗೆ ಹೊಡೆಯೋದು ತಾನೆ’ ಅಂದುಕೊಳ್ಳುತ್ತಾರೆ. ಹತ್ತು ಚೆಂಡು ಹೊಡೆಯುವಷ್ಟರಲ್ಲಿ ವಿಷಯ ಗೊತ್ತಾಗುತ್ತದೆ. ಒಂದು ಹೊಡೆತ ನೆಲ ಕೆರೆಯುತ್ತದೆ, ಇನ್ನೊಂದು ಬಲಕ್ಕೆ ಹಾರಿ ಕಾಣೆಯಾಗುತ್ತದೆ. ಮಾರನೇ ದಿನ ಬೆಳಿಗ್ಗೆ ಅಂಗಡಿ ಷಟರ್ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ.

‘ನಮಗೆ ಇದು ಆಗಿಬರಲ್ಲ’ ಅಂತ ಬಿಡುವವರೂ ಇದ್ದಾರೆ, ದುಬಾರಿ ಕ್ಲಬ್ ಕೊಳ್ಳುವವರೂ ಇದ್ದಾರೆ. ನಿಜವಾದ ತಪ್ಪು ಬಹಳ ಸಲ ಹೊಡೆಯುವುದಕ್ಕೂ ಮೊದಲೇ, ಚೆಂಡಿನ ಮುಂದೆ ನಿಂತಾಗಲೇ ಆಗಿರುತ್ತದೆ. ಹೀಗೆ ಚೆಂಡಿನ ಮುಂದೆ ಕ್ಲಬ್ ಇಟ್ಟು ನಿಲ್ಲುವುದಕ್ಕೆ ಗಾಲ್ಫ್‌ನಲ್ಲಿ ‘ಅಡ್ರೆಸ್’ ಅನ್ನುತ್ತಾರೆ. ಕೊರಿಯರ್‌ನವರು ಕೇಳುವ ಅಡ್ರೆಸ್ ಅಲ್ಲ, ಆದರೆ ಇದು ತಪ್ಪಿದರೂ ಚೆಂಡು ಬೇರೆಯವರ ಮನೆಗೇ ಹೋಗುತ್ತದೆ!

ಹಾಕಿ ಅಭ್ಯಾಸ ಎಲ್ಲಿ ಅಡ್ಡ ಬರುತ್ತದೆ?

ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಸ್ಟಿಕ್‌ನ ಮಧ್ಯಕ್ಕೆ. ಮಂಡಿ ಚೆನ್ನಾಗಿ ಮಡಿಸಿ, ಮೈ ತಗ್ಗಿಸಿ ಓಡಬೇಕು. ಚೆಂಡು ಓಡಾಡುತ್ತಿರುತ್ತದೆ, ಹಾಗಾಗಿ ಕೈ ಚಾಚಿ ಅದನ್ನು ಹಿಡಿಯುವುದೇ ಆಟ.

ಗಾಲ್ಫ್‌ನಲ್ಲಿ ಎರಡೂ ಕೈ ಒಂದಕ್ಕೊಂದು ಅಂಟಿಕೊಂಡಿರಬೇಕು. ಬಲಗೈ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂತಿರಬೇಕು, ಇಲ್ಲವೇ ಅವುಗಳ ನಡುವೆ ಹೆಣೆದುಕೊಂಡಿರಬೇಕು. ಮಂಡಿ ಸ್ವಲ್ಪ ಸಡಿಲ ಬಿಟ್ಟರೆ ಸಾಕು. ಚೆಂಡು ಎಲ್ಲಿಗೂ ಓಡುವುದಿಲ್ಲವಾದ್ದರಿಂದ ಕೈ ಚಾಚುವ ಅಗತ್ಯವೇ ಇಲ್ಲ. ಆದರೂ ಅಭ್ಯಾಸ ಬಲದಿಂದ ಕೈ ಮುಂದಕ್ಕೆ ಹೋಗಿಬಿಡುತ್ತದೆ.

ನೆನಪಿಡಬೇಕಾದ ಮಾತು ಒಂದೇ: ಕೈ ಚೆಂಡನ್ನು ಹುಡುಕಿಕೊಂಡು ಹೋಗಬಾರದು. ಕೈ ಎಲ್ಲಿ ತಾನಾಗಿ ಇಳಿಬೀಳುತ್ತದೋ, ಅದಕ್ಕೆ ಸರಿಯಾಗಿ ನಾವು ಚೆಂಡಿನ ಹತ್ತಿರ ಅಥವಾ ದೂರ ನಿಲ್ಲಬೇಕು.

ನಿಲ್ಲೋದು ಹೇಗೆ?

(ಇಲ್ಲಿ ಹೇಳಿರುವುದು ಬಲಗೈ ಆಟಗಾರರಿಗೆ.)

1. ಮೊದಲು ನೆಟ್ಟಗೆ ನಿಲ್ಲಿ. ಕಾಲುಗಳ ನಡುವೆ ಹೆಚ್ಚುಕಮ್ಮಿ ಭುಜದಷ್ಟು ಅಗಲ ಇರಲಿ. ಸಣ್ಣ ಕ್ಲಬ್ ಆದರೆ ಇನ್ನೂ ಸ್ವಲ್ಪ ಕಿರಿದು ಸಾಕು.

2. ಈಗ ಬಗ್ಗಬೇಕು, ಆದರೆ ಬೆನ್ನಿನಿಂದಲ್ಲ, ಸೊಂಟದ ಕೀಲಿನಿಂದ. ಎರಡೂ ಕೈಯಲ್ಲಿ ಸಾಮಾನಿನ ಚೀಲ ಇದ್ದಾಗ ಬಾಗಿಲನ್ನು ಹಿಂಭಾಗದಿಂದ ತಳ್ಳುತ್ತೀರಲ್ಲ, ಹಾಗೆ. ಹಿಂಭಾಗ ಹಿಂದಕ್ಕೆ ಹೋದಂತೆ ಎದೆ ತಾನಾಗಿ ಮುಂದಕ್ಕೆ ಬಾಗುತ್ತದೆ. ಬೆನ್ನು ಗೂನಾಗುವುದಿಲ್ಲ.

3. ಮಂಡಿ ಸ್ವಲ್ಪ ಸಡಿಲಿಸಿ. ಕುರ್ಚಿಯಲ್ಲಿ ಕೂತಷ್ಟು ಮಡಿಸಬೇಡಿ. ಭಾರ ಪಾದದ ನಡುಭಾಗದ ಮೇಲಿರಲಿ, ಬೆರಳ ತುದಿಗೂ ಬೇಡ, ಹಿಮ್ಮಡಿಗೂ ಬೇಡ.

4. ಎರಡೂ ಕೈ ಸುಮ್ಮನೆ ಕೆಳಗೆ ಬಿಡಿ. ಭುಜದಿಂದ ನೇರ ಕೆಳಕ್ಕೆ, ಹಗ್ಗ ಜೋತುಬಿದ್ದ ಹಾಗೆ ಇರಬೇಕು. ಅಲ್ಲೇ ಎರಡು ಅಂಗೈ ಜೋಡಿಸಿ ಕ್ಲಬ್ ಹಿಡಿಯಿರಿ. ಬಲಗೈ ಕೆಳಗಿರುವುದರಿಂದ ಬಲಭುಜ ತುಸು ತಗ್ಗುತ್ತದೆ. ಅದು ಸರಿಯೇ, ಎಳೆದು ಸಮ ಮಾಡಲು ಹೋಗಬೇಡಿ.

5. ಕೊನೆಗೆ ಕ್ಲಬ್‌ನ ತಲೆ ಎಲ್ಲಿ ನೆಲ ಮುಟ್ಟುತ್ತದೋ ನೋಡಿ. ಚೆಂಡು ಇರಬೇಕಾದ ಜಾಗ ಅದೇ. ಚೆಂಡು ಅಲ್ಲಿಲ್ಲವೇ? ಕೈ ಚಾಚಬೇಡಿ, ಕಾಲನ್ನೇ ಸರಿಸಿ.

ಹೀಗೆ ನಿಂತಾಗ ಕ್ಲಬ್ ಹಿಡಿಯ ತುದಿಗೂ ತೊಡೆಗೂ ನಡುವೆ ಸುಮಾರು ಒಂದು ಮುಷ್ಟಿ ಜಾಗ ಇರುತ್ತದೆ. ಉದ್ದದ ಡ್ರೈವರ್ ಹಿಡಿದಾಗ ಇನ್ನೂ ಸ್ವಲ್ಪ ಹೆಚ್ಚು. ಡ್ರೈವರ್ ಸುಮಾರು 45 ಇಂಚು, 7 ನಂಬರ್ ಐರನ್ ಸುಮಾರು 37 ಇಂಚು. ಕ್ಲಬ್ ಉದ್ದವಾದಷ್ಟೂ ನಾವು ಚೆಂಡಿನಿಂದ ದೂರ ನಿಲ್ಲುತ್ತೇವೆ, ಆದರೆ ಕೈ ಇಳಿಬೀಳುವ ರೀತಿ ಬಹಳ ಬದಲಾಗುವುದಿಲ್ಲ. ಸಣ್ಣ ಐರನ್‌ಗೆ ಚೆಂಡು ಎರಡು ಕಾಲುಗಳ ನಡುವೆ ಇರಲಿ, ಡ್ರೈವರ್‌ಗೆ ಎಡ ಹಿಮ್ಮಡಿಯ ನೇರಕ್ಕೆ ಬರಲಿ.

ಸರಿ ಇದೆಯೋ ಇಲ್ಲವೋ, ಹೇಗೆ ಗೊತ್ತಾಗೋದು?

ಕ್ಲಬ್ ಹಿಡಿದು ನಿಂತಲ್ಲೇ ಬಲಗೈ ಬಿಟ್ಟುಬಿಡಿ. ಅದು ಹಾಗೇ ಎಡಗೈ ಪಕ್ಕದಲ್ಲೇ ತೂಗಿದರೆ ಸರಿ. ತೊಡೆ ಕಡೆಗೆ ಹಿಂದಕ್ಕೆ ಬಂದರೆ ನೀವು ಕೈ ಚಾಚಿದ್ದೀರಿ, ಚೆಂಡಿಗೆ ಹತ್ತಿರ ಹೋಗಿ. ಮುಂದಕ್ಕೆ ಹೋದರೆ ತೀರಾ ಹತ್ತಿರ ನಿಂತಿದ್ದೀರಿ, ಹಿಂದೆ ಸರಿಯಿರಿ.

ಕೈ ಚಾಚಿದರೆ ಏನಾಗುತ್ತದೆ? ಭಾರ ಬೆರಳ ತುದಿಗೆ ಬರುತ್ತದೆ, ಭುಜ ಬಿಗಿಯುತ್ತದೆ. ಕ್ಲಬ್ ಬೀಸಿದಾಗ ಮೈ ಬ್ಯಾಲೆನ್ಸ್‌ಗಾಗಿ ಹೊಯ್ದಾಡುತ್ತದೆ, ಹೊರಟ ಜಾಗಕ್ಕೆ ಕ್ಲಬ್ ವಾಪಸ್ ಬರುವುದಿಲ್ಲ. ತೀರಾ ಹತ್ತಿರ ನಿಂತರೆ ಕೈ ಮೈಗೆ ಸಿಕ್ಕಿಕೊಂಡು ತಿರುಗಲು ಜಾಗವೇ ಇರುವುದಿಲ್ಲ. ಚೆಂಡಿನ ಅಗಲ 43 ಮಿಲಿಮೀಟರ್‌ಗಿಂತಲೂ ತುಸು ಕಡಿಮೆ. ಕೈ ಒಂದು ಇಂಚು ಆಚೀಚೆ ಆದರೂ ಹೊಡೆತ ಕೆಡುತ್ತದೆ.

ಮೊಣಕೈ, ಹಿಡಿತ, ನೋವು

ಅಮೆರಿಕದ ಬೆನ್ ಹೋಗನ್ 1957ರಲ್ಲಿ ಬರೆದ ‘ಫೈವ್ ಲೆಸನ್ಸ್’ ಪುಸ್ತಕವನ್ನು ಇವತ್ತಿಗೂ ಕಲಿಯುವವರು ಓದುತ್ತಾರೆ. ಎರಡೂ ತೋಳು ಆದಷ್ಟು ಹತ್ತಿರ ಇರಬೇಕು, ಮೊಣಕೈಗಳು ಸೊಂಟದ ಮೂಳೆ ಕಡೆ ನೋಡಬೇಕು ಅನ್ನುವುದು ಅವರ ಪಾಠ. ಹಾಗಂತ ಬಿಗಿ ಮಾಡುವುದಲ್ಲ. ಎಡಗೈ ನೇರವಾಗಿರಲಿ, ಆದರೆ ಮರದ ಕೊರಡಿನಂತೆ ಆಗುವುದು ಬೇಡ. ಬಲ ಮೊಣಕೈ ಸ್ವಲ್ಪ ಮಡಿಸಿರಲಿ.

ಎಲ್ಲರೂ ಹೀಗೇ ನಿಲ್ಲುತ್ತಾರಾ? ಇಲ್ಲ. ಕೆನಡಾದ ಮೋ ನಾರ್ಮನ್ ಕೈ ಮುಂದಕ್ಕೆ ಚಾಚಿ, ತೋಳು ಮತ್ತು ಕ್ಲಬ್ ಒಂದೇ ಗೆರೆಯಲ್ಲಿ ಇಟ್ಟು ಆಡುತ್ತಿದ್ದರು. ನೇರ ಹೊಡೆತಕ್ಕೆ ಅವರಷ್ಟು ಹೆಸರಾದವರು ಕಡಿಮೆ. ಆದರೆ ಅದರ ಹಿಂದೆ ಲೆಕ್ಕವಿಲ್ಲದಷ್ಟು ಚೆಂಡು ಹೊಡೆದ ಅಭ್ಯಾಸ ಇತ್ತು. ವಾರಕ್ಕೊಂದು ದಿನ ರಜೆ ಇರುವ ನಮ್ಮಂಥವರಿಗೆ ಕೈ ಇಳಿಬಿಡುವ ದಾರಿಯೇ ಸುಲಭ.

ಇದರಲ್ಲಿ ಆರೋಗ್ಯದ ಮಾತೂ ಇದೆ. ಬೆನ್ನು ಗೂನು ಮಾಡಿ ನಿಂತು ಅದೇ ಬೆನ್ನನ್ನು ಜೋರಾಗಿ ತಿರುಗಿಸಿದರೆ ಸೊಂಟಕ್ಕೆ ಪೆಟ್ಟು. ದಿನವಿಡೀ ಕೌಂಟರ್ ಹಿಂದೆ ನಿಲ್ಲುವವರು, ಮೂಟೆ ಎತ್ತುವವರು ಇದನ್ನು ಹಗುರವಾಗಿ ತಗೋಬಾರದು. ಕ್ಲಬ್ ಕತ್ತು ಹಿಸುಕುವಂತೆ ಹಿಡಿದರೆ ಮೊಣಕೈ ಒಳಭಾಗ ನೋಯುತ್ತದೆ. ಆ ನೋವಿಗೆ ‘ಗಾಲ್ಫರ್ಸ್ ಎಲ್ಬೋ’ ಅಂತಲೇ ಹೆಸರು. ಗಾಲ್ಫ್ ನೋಡದ ಬಡಗಿ, ಪ್ಲಂಬರ್‌ಗೂ ಅದು ಬರುತ್ತದೆ. ನೋವು ಈಗಾಗಲೇ ಇದ್ದರೆ ಮೊದಲು ಡಾಕ್ಟರ್, ಆಮೇಲೆ ಮೈದಾನ.

ಬಲಕ್ಕಿಂತ ಕ್ರಮ ಮುಖ್ಯ

ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಪಡೆದರು. ಈ ಆಟದಲ್ಲಿ ತೋಳ್ಬಲವೊಂದೇ ಸಾಲದು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಎಡಗೈಯವರು ಮೇಲಿನದ್ದನ್ನೆಲ್ಲ ತಿರುಗಿಸಿ ಓದಿಕೊಳ್ಳಿ. ಆದರೆ ಹಾಕಿಯಲ್ಲಿ ಎಡಗೈ ಸ್ಟಿಕ್ಕೇ ಇಲ್ಲ. ಹಾಕಿ ಆಡಿ ಬೆಳೆದ ಎಡಚರಿಗೆ ಬಲಗೈ ಕ್ಲಬ್ಬೇ ಸಲೀಸು ಅನ್ನಿಸಬಹುದು, ಎರಡೂ ಹಿಡಿದು ನೋಡಿ ಆಮೇಲೆ ದುಡ್ಡು ಹಾಕಿ.

ಕ್ಲಬ್ ಇಲ್ಲದಿದ್ದರೂ ಕಲಿಯೋಕೆ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಉದ್ದನೆಯ ಕೊಡೆ ಇರುತ್ತದೆ. ಗೋಡೆಗೆ ಬೆನ್ನು ಹಾಕಿ, ಹಿಮ್ಮಡಿ ಗೋಡೆಯಿಂದ ಅರ್ಧ ಗೇಣು ದೂರ ಇಟ್ಟು ನಿಲ್ಲಿ. ಹಿಂಭಾಗ ಗೋಡೆಗೆ ತಾಗುವವರೆಗೆ ಸೊಂಟದಿಂದ ಬಾಗಿ, ಕೈ ಇಳಿಬಿಟ್ಟು ಕೊಡೆ ಹಿಡಿಯಿರಿ. ಅಂಗಡಿ ತೆರೆಯುವ ಮೊದಲು ದಿನಕ್ಕೆ ಐದು ನಿಮಿಷ ಹೀಗೆ ಹತ್ತು ಸಲ ಮಾಡಿ. ಮಳೆ ಬಿಟ್ಟು ಮೈದಾನಕ್ಕೆ ಹೋಗುವಷ್ಟರಲ್ಲಿ ಮೈಗೆ ಅದು ರೂಢಿಯಾಗಿರುತ್ತದೆ.