ಗೋಡೆಗೆ ‘ಹಾಫ್ ವೈಟ್’: ಊರಿನ ಬಣ್ಣ ಬಳ್ಳಾರಿಗೆ ಒಗ್ಗುತ್ತದೆಯೇ?

ರಮಝಾನ್ ಹತ್ತಿರ ಬಂತೆಂದರೆ, ಇಲ್ಲವೇ ಮನೆಯಲ್ಲಿ ಒಂದು ನಿಕಾಹ್ ಗೊತ್ತಾಯಿತೆಂದರೆ ಮೊದಲು ಎಲ್ಲರ ಕಣ್ಣು ಹೋಗುವುದು ಗೋಡೆಯ ಮೇಲೆ. ‘ಈ ಸಲ ಪೈಂಟ್ ಹೊಡೆಸಲೇಬೇಕು’ ಎಂದು ಉಮ್ಮಂದಿರು ಶುರು ಮಾಡುತ್ತಾರೆ. ಹೆಚ್ಚಿನವರು ಆರಿಸುವುದು ತಿಳಿ ಬಣ್ಣವನ್ನೇ. ಪೈಂಟರ್‌ಗಳ ಬಾಯಲ್ಲಿ ಅದು ‘ಹಾಫ್ ವೈಟ್’. ಅಂಗಡಿಯ ಶೇಡ್ ಕಾರ್ಡ್ ತೆಗೆದರೆ ಐವರಿ, ಕ್ರೀಮ್, ಬಿಸ್ಕತ್ತು, ಮರಳು, ತಿಳಿ ಬೂದಿ ಅಂತ ಹತ್ತಾರು ಬಗೆ. ‘ಎಲ್ಲವೂ ಬಿಳಿಯೇ ತಾನೇ, ಯಾವುದಾದರೂ ಹೊಡೆಯಿರಿ’ ಅಂತ ಪೈಂಟರ್‌ಗೆ ಬಿಟ್ಟುಬಿಡುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಗಾಢ ಬಣ್ಣಕ್ಕಿಂತ ತಿಳಿ ಬಣ್ಣ ಆರಿಸುವುದೇ ಕಷ್ಟ. ಸುತ್ತಲಿನ ಬೆಳಕು, ನೆಲ, ಧೂಳು ಎಲ್ಲವನ್ನೂ ಅದು ತನ್ನ ಮೇಲೆ ತೋರಿಸಿಬಿಡುತ್ತದೆ.

ಕರಾವಳಿಯಿಂದ ವ್ಯಾಪಾರಕ್ಕೋ ಕೆಲಸಕ್ಕೋ ಬಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ನೆಲೆಸಿರುವ ನಮ್ಮ ಬ್ಯಾರಿ ಕುಟುಂಬಗಳು ಇನ್ನೊಂದು ವಿಷಯ ಗಮನಿಸಬೇಕು. ಊರಿಗೆ ಹೋದಾಗ ತರವಾಡು ಮನೆಯಲ್ಲೋ, ಗಲ್ಫಿನಲ್ಲಿರುವ ತಮ್ಮನ ಹೊಸ ಮನೆಯಲ್ಲೋ ಕಂಡ ಬಣ್ಣದ ಫೋಟೊ ತೆಗೆದುಕೊಂಡು ಬಂದು ‘ಇದೇ ಬೇಕು’ ಅನ್ನುತ್ತೇವೆ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಬಳ್ಳಾರಿಯಲ್ಲಿ 500-600ರ ಆಸುಪಾಸು. ಅಲ್ಲಿ ಗೋಡೆಯ ಶತ್ರು ಪಾಚಿ, ಬೂಷ್ಟು. ಇಲ್ಲಿ ಶತ್ರು ಧೂಳು ಮತ್ತು ಕಣ್ಣಿಗೆ ಕುಕ್ಕುವ ಬಿಸಿಲು. ಅಲ್ಲಿ ಚೆಂದ ಕಂಡದ್ದು ಇಲ್ಲಿ ಹಾಗೇ ಕಾಣಬೇಕೆಂದಿಲ್ಲ.

ಧೂಳು ನೋಡಿ ಬಣ್ಣ

ಬಳ್ಳಾರಿ ಪೇಟೆಯ ಧೂಳು ಕೆಂಪು. ಸಂಡೂರು ಕಡೆಯ ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಯಾದರೆ ಹೇಳುವುದೇ ಬೇಡ. ಅಚ್ಚ ಬಿಳಿಯಾಗಲಿ, ನೀಲಿ ಛಾಯೆಯ ತಿಳಿ ಬೂದಿಯಾಗಲಿ ಇಂಥ ಮನೆಯಲ್ಲಿ ಬೇಗ ಮಾಸಿದಂತೆ ಕಾಣುತ್ತದೆ. ಸ್ವಲ್ಪ ಹಳದಿ ಅಥವಾ ಕೆಂಪು ಬೆರೆತ ಕ್ರೀಮ್, ಬಿಸ್ಕತ್ತು, ಮರಳು ಬಣ್ಣಗಳಲ್ಲಿ ಅದೇ ಧೂಳು ಅಷ್ಟು ಎದ್ದು ಕಾಣುವುದಿಲ್ಲ.

ಸಿರುಗುಪ್ಪ ಭತ್ತದ ಸೀಮೆ. ಕಪ್ಪು ಎರೆ ಮಣ್ಣು, ಅಕ್ಕಿ ಗಿರಣಿಗಳ ಹೊಟ್ಟು, ಬೂದಿ. ಇಲ್ಲಿಯ ಇನ್ನೊಂದು ತೊಂದರೆ ನೀರಾವರಿ ಪ್ರದೇಶದ ತೇವ. ಗೋಡೆಯ ಬುಡದಲ್ಲಿ ಉಪ್ಪು ಉಬ್ಬಿ, ಪೈಂಟ್ ಹಪ್ಪಳದಂತೆ ಏಳುತ್ತದೆ. ಇದನ್ನು ಯಾವ ಬಣ್ಣವೂ ಮುಚ್ಚಲಾರದು. ಮೊದಲು ನೀರು ಎಲ್ಲಿಂದ ಏರುತ್ತಿದೆ ಎಂದು ಹುಡುಕಿ ನಿಲ್ಲಿಸಿ, ಗೋಡೆ ಒಣಗಿದ ಮೇಲೆಯೇ ಪ್ರೈಮರ್, ಪೈಂಟ್.

ಕುರುಗೋಡಿನ ಸುತ್ತ ಕಲ್ಲಿನ ಗುಡ್ಡ. ಬಂಡೆಗಲ್ಲಿನ ಹಳೆಯ ಮನೆಗಳಲ್ಲಿ ಕಿಟಕಿ ಸಣ್ಣದು, ಒಳಗೆ ಬೆಳಕು ಕಡಿಮೆ. ನೆಲಕ್ಕೂ ಬೂದು ಕಲ್ಲೇ ಇದ್ದರೆ ಬೂದು ಗೋಡೆ ಕೋಣೆಯನ್ನು ಇನ್ನಷ್ಟು ಮಂಕು ಮಾಡುತ್ತದೆ. ಅಂಥಲ್ಲಿ ಐವರಿಯಂಥ ಬೆಚ್ಚನೆಯ ಬಿಳಿ ಒಳ್ಳೆಯದು.

‘ತಿಳಿ ಬಣ್ಣ ಹೊಡೆದರೆ ಮನೆ ತಂಪಾಗುತ್ತದೆ’ ಎನ್ನುವವರಿದ್ದಾರೆ. ಒಳಗೋಡೆಯ ಬಣ್ಣದಿಂದ ಕೋಣೆಗೆ ಬೆಳಕು ಹೆಚ್ಚುತ್ತದೆ, ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ತಂಪು ಬೇಕಾದರೆ ತಾರಸಿಯ ಮೇಲೆ ಸುಣ್ಣ ಬಳಿಯಬೇಕು. ಬಿಸಿಲು ಬೀಳುವುದು ಅಲ್ಲಿ.

ಕಾರ್ಡ್ ನೋಡಿ ಮರುಳಾಗಬೇಡಿ

ಬೆರಳಗಲದ ಕಾರ್ಡಿನಲ್ಲಿ ಎಲ್ಲ ತಿಳಿ ಬಣ್ಣವೂ ಬಿಳಿಯಾಗಿಯೇ ಕಾಣುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ನೋಡಿ. ಆಗ ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ಹಸಿರು ಅಡಗಿರುವುದು ತಿಳಿಯುತ್ತದೆ. ಗೋಡೆ ತುಂಬ ಹೊಡೆದಾಗ ಎದ್ದು ಬರುವುದು ಈ ಅಡಗಿದ ಬಣ್ಣವೇ.

ಆದ್ದರಿಂದ ಸಣ್ಣ ಸ್ಯಾಂಪಲ್ ಡಬ್ಬ ತಂದು, ಎರಡು ಅಡಿ ಅಗಲದ ರಟ್ಟಿಗೆ ಎರಡು ಕೋಟ್ ಹೊಡೆಯಿರಿ. ಅದನ್ನು ಬೆಳಗ್ಗೆ, ಅಸರ್ ಹೊತ್ತಿಗೆ, ರಾತ್ರಿ ದೀಪದಲ್ಲಿ, ಹೀಗೆ ಮೂರು ಹೊತ್ತು ನೋಡಿ. ಪಶ್ಚಿಮದ ಕಿಟಕಿಯಿದ್ದರೆ ಸಂಜೆಯ ಬಿಸಿಲಿಗೆ ಕ್ರೀಮ್ ಪೂರ್ತಿ ಹಳದಿ ತಿರುಗುತ್ತದೆ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 6500ಕೆ ಅಂತಿದ್ದರೆ ಅದು ನೀಲಿಬಿಳಿ ಬೆಳಕು, 3000ಕೆ ಅಂತಿದ್ದರೆ ಹಳದಿ ಬೆಳಕು. ಬಲ್ಬ್ ಬದಲಾದರೆ ಗೋಡೆಯೂ ಬದಲಾದಂತೆಯೇ.

ಜೋಡಿ ಯಾವುದು?

ಗೋಡೆ ಮಾತ್ರ ನೋಡಿ ಬಣ್ಣ ಆರಿಸಿದರೆ ಸಾಲದು. ನೆಲ, ಬಾಗಿಲು, ಪರದೆ ಮೊದಲೇ ಇವೆ, ಅವನ್ನು ಬದಲಿಸುವುದು ದುಬಾರಿ. ಕಪ್ಪು ಕಡಪ ಕಲ್ಲಿನ ನೆಲಕ್ಕೆ ಕ್ರೀಮ್ ಅಥವಾ ಐವರಿ ಗೋಡೆ ಹೊಂದುತ್ತದೆ. ಬೂದು ಶಹಾಬಾದ್ ಕಲ್ಲಿಗೆ ಮರಳು ಬಣ್ಣ. ಹೊಳೆಯುವ ಬಿಳಿ ಟೈಲ್ಸ್ ಇದ್ದರೆ ಗೋಡೆ ಒಂದು ಪಟ್ಟು ಗಾಢವಿರಲಿ, ಇಲ್ಲದಿದ್ದರೆ ಆಸ್ಪತ್ರೆಯಂತೆ ಕಾಣುತ್ತದೆ. ಸೀಲಿಂಗಿಗೆ ಬಿಳಿ, ಬಾಗಿಲಿಗೆ ತೇಗದ ಬಣ್ಣದ ಪಾಲಿಶ್ ಮಾಡಿದರೆ ತಿಳಿ ಗೋಡೆ ತಾನಾಗಿ ಎದ್ದು ಕಾಣುತ್ತದೆ.

ಹಳ್ಳಿಯ ಹಳೆಯ ಮನೆಗಳನ್ನು ನೋಡಿ. ಮೇಲೆ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ. ಅದು ಅಲಂಕಾರಕ್ಕೆ ಮಾತ್ರ ಅಲ್ಲ. ನೆಲ ಒರೆಸುವಾಗ ಸಿಡಿಯುವ ನೀರು, ಮಕ್ಕಳ ಕಾಲು ತಾಗುವುದು ಅಲ್ಲಿಗೇ. ಇವತ್ತೂ ವರಾಂಡ, ಮೆಟ್ಟಿಲಿನ ಬಳಿ ಬುಡಕ್ಕೆ ಕಂದು ಬಣ್ಣದ ಪಟ್ಟಿ ಕೊಟ್ಟರೆ ಮೇಲಿನ ಹಾಫ್ ವೈಟ್ ಬಹಳ ದಿನ ಬಾಳುತ್ತದೆ. ಮೀನು ಹುರಿಯುವ, ಒಗ್ಗರಣೆ ಹಾಕುವ ಅಡುಗೆ ಕೋಣೆಗೆ ತೊಳೆಯಲು ಬರುವ ಎಮಲ್ಷನ್ ಬೇಕು. ಡಿಸ್ಟೆಂಪರ್ ಅಲ್ಲಿ ನಿಲ್ಲದು. ಹಳೆಯ ಸುಣ್ಣದ ಮೇಲೆ ನೇರ ಎಮಲ್ಷನ್ ಹೊಡೆದರೆ ಅದೂ ಕಿತ್ತು ಬರುತ್ತದೆ. ಸುಣ್ಣ ಕೆರೆದು, ಪ್ರೈಮರ್ ಹಾಕಿಯೇ ಮುಂದುವರಿಯಬೇಕು.

ಮಕ್ಕಳಿದ್ದಾರೆ, ಜೋಪಾನ

ಬಣ್ಣಕ್ಕಿಂತ ದೊಡ್ಡ ವಿಷಯ ಒಂದಿದೆ, ಅದು ಸೀಸ. ಹಳೆಯ ಎಣ್ಣೆ ಪೈಂಟುಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಸೇರಿಸುತ್ತಿದ್ದರು. ಅದು ಸಣ್ಣ ಮಕ್ಕಳ ಮೆದುಳಿಗೆ, ಕಲಿಕೆಗೆ ಪೆಟ್ಟು ಕೊಡುತ್ತದೆ. ಕೇಂದ್ರ ಸರಕಾರ 2016ರಲ್ಲಿ ನಿಯಮ ತಂದು ಮನೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ ದಾಟಬಾರದೆಂದು ಮಿತಿ ಹಾಕಿತು. 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಡಬ್ಬದ ಮೇಲೆ ಇದನ್ನು ಓದಿಯೇ ಕೊಳ್ಳಿ. ಹಳೆಯ ಕಿಟಕಿ, ಬಾಗಿಲಿನ ಎಣ್ಣೆ ಪೈಂಟನ್ನು ಒಣಗಿದಂತೆಯೇ ಉಜ್ಜಿಸಬೇಡಿ. ಒದ್ದೆ ಮಾಡಿ ಉಜ್ಜಿಸಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಸಿ. ಆ ಹೊತ್ತು ಮಕ್ಕಳು, ಗರ್ಭಿಣಿಯರು ಮನೆಯಲ್ಲಿ ಇರದಿರಲಿ.

ಲೆಕ್ಕ ಇರಲಿ

10×12 ಅಡಿಯ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 390. ಸೀಲಿಂಗ್ ಬೇರೆ 120. ಎರಡು ಕೋಟಿಗೆ ಒಂದು ಲೀಟರ್ ಎಷ್ಟು ಚದರ ಅಡಿಗೆ ಬರುತ್ತದೆ ಎಂದು ಅಂಗಡಿಯಲ್ಲಿ ಕೇಳಿ ಭಾಗಿಸಿದರೆ ಬೇಕಾದ ಪೈಂಟ್ ಎಷ್ಟೆಂದು ನಿಮಗೇ ಗೊತ್ತಾಗುತ್ತದೆ. ಒಂದು ಕೋಣೆಗೆ ಬೇಕಾದದ್ದನ್ನು ಒಂದೇ ಸಲ ತನ್ನಿ. ತಿಳಿ ಬಣ್ಣ ಮತ್ತೊಮ್ಮೆ ಮಿಕ್ಸ್ ಮಾಡಿಸಿದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಗೋಡೆಯಲ್ಲಿ ಕಾಣುತ್ತದೆ.

ಇಂಥ ಬಣ್ಣವೇ ಬಳಿಯಬೇಕೆಂದು ದೀನ್ ನಮ್ಮನ್ನು ಕಟ್ಟಿಹಾಕಿಲ್ಲ. ಹಸಿರು ಬಳಿದರೆ ಪುಣ್ಯ ಹೆಚ್ಚು, ಬಿಳಿ ಬಳಿದರೆ ಕಡಿಮೆ ಅಂತೇನೂ ಇಲ್ಲ. ಇರುವುದು ಶುಚಿಯ ಆದೇಶ, ದುಂದುವೆಚ್ಚಕ್ಕೆ ತಡೆ. ಮಗಳ ನಿಕಾಹ್‌ಗೆ ಬರುವ ನೆಂಟರು ಏನಂದುಕೊಂಡಾರು ಎಂಬ ಚಿಂತೆಗೆ ಬಡ್ಡಿ ಸಾಲ ತಂದು ಮನೆಯಿಡೀ ದುಬಾರಿ ಪೈಂಟ್ ಹೊಡೆಸುವ ಅಗತ್ಯ ಯಾರಿಗೂ ಇಲ್ಲ. ಕೈಯಲ್ಲಿ ಕಡಿಮೆ ಇದ್ದರೆ ಈ ವರ್ಷ ಹಾಲ್ ಮಾತ್ರ ಮಾಡಿಸಿ, ಉಳಿದ ಕೋಣೆಗೆ ಸುಣ್ಣ ಸಾಕು. ಬಾಡಿಗೆ ಮನೆಯಾದರೆ ಮಾಲಕರ ಒಪ್ಪಿಗೆ ಕೇಳಿ, ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ.

ಕೆಲಸವನ್ನು ಶಅಬಾನ್‌ನಲ್ಲೇ ಮುಗಿಸಿದರೆ ಒಳ್ಳೆಯದು. ಉಪವಾಸದಲ್ಲಿ ಪೈಂಟ್ ವಾಸನೆ ತಡೆಯುವುದು ಕಷ್ಟ, ಕೊನೆಯ ವಾರದಲ್ಲಿ ಪೈಂಟರ್ ಸಿಗುವುದೂ ಕಷ್ಟ. ಬಜೆಟ್ ಹಾಕುವಾಗ ಪೈಂಟರ್‌ನ ಕೂಲಿಯನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಡಬ್ಬ ಕೊಳ್ಳಿ. ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ‘ಈದ್ ಆದ ಮೇಲೆ ಬಾ’ ಎಂದು ಅವನನ್ನು ಕಳಿಸಬೇಡಿ, ಅವನ ಮನೆಯಲ್ಲೂ ಹಬ್ಬ ಇರುತ್ತದೆ.